ಎಡಗಡೆಯ ಸೀಟು

ಮೂಡಲಪಾಳ್ಯದ ನಮ್ಮ ಮನೆಯ ಗೇಟಿನ ಬಳಿ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಬಗ್ಗಿದೆ. ಮತ್ತೆ ನೆಟ್ಟಗಾಗಲು ಆಗಲಿಲ್ಲ. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಕಾದ ಕಂಬಿ ಎಳೆದಂತಾಯಿತು. ವಾಯುಸೇನೆಯಲ್ಲಿದ್ದಾಗ ಹೆಲಿಕಾಪ್ಟರಿನ ಎರಡು ಕಾಲುಗಳಲ್ಲಿ ಒಂದನ್ನು ಮಾತ್ರ ಹಿಮದ ಬಂಡೆಗೆ ತಾಗಿಸಿ ನಿಲ್ಲಿಸಿ, ಗಾಯಗೊಂಡ ಸೈನಿಕರನ್ನು ಹತ್ತಿಸಿಕೊಂಡು ಬಂದವಳು ನಾನು. ಈಗ ಅರ್ಧ ಲೀಟರ್ ಹಾಲಿಗೆ ಸೋತು, ಗೇಟಿನ ಸರಳು ಹಿಡಿದುಕೊಂಡು ಅಮ್ಮನನ್ನು ಕೂಗುತ್ತಿದ್ದೆ.

ಅಮ್ಮ ಬಂದಳು. ಮೊದಲು ಹಾಲನ್ನು ಒಳಗಿಟ್ಟು ಬಂದು, ಆಮೇಲೆ ನನ್ನ ಕಂಕುಳಿಗೆ ಕೈ ಹಾಕಿದಳು.

"ನಿಮ್ಮಪ್ಪಂಗೂ ಹಿಂಗೇ ಆಗಿತ್ತು," ಅಂದಳು.

ಅಪ್ಪ ಸಿಟಿ ಬಸ್ಸಿನ ಡ್ರೈವರ್ ಆಗಿದ್ದರು. ನಿವೃತ್ತಿಯ ಹೊತ್ತಿಗೆ ಅವರಿಗೆ ಚಪ್ಪಲಿ ಹಾಕಿಕೊಳ್ಳಲೂ ಬಗ್ಗಲು ಆಗುತ್ತಿರಲಿಲ್ಲ. ಹೆಲಿಕಾಪ್ಟರ್ ಓಡಿಸುವವರ ಬೆನ್ನೂ ಹಾಗೇ ಹಾಳಾಗುತ್ತದೆ. ಪೈಲಟ್‌ಗೆ ಕಣ್ಣು ಚುರುಕಾಗಿದ್ದರೆ ಸಾಕು ಎಂದು ಜನ ಅಂದುಕೊಂಡಿರುತ್ತಾರೆ. ಆದರೆ ಕೂರಬೇಕಾದದ್ದು ಹೀಗೆ: ಬಲಗೈ ಮೊಣಕಾಲುಗಳ ನಡುವಿನ ಕೋಲಿನ ಮೇಲೆ, ಎಡಗೈ ಸೀಟಿನ ಪಕ್ಕದ ಲಿವರ್ ಮೇಲೆ, ಪಾದಗಳು ಪೆಡಲುಗಳ ಮೇಲೆ. ಸ್ವಲ್ಪ ಮುಂದಕ್ಕೆ, ಸ್ವಲ್ಪ ಎಡಕ್ಕೆ ಬಾಗಿಯೇ ಕೂರಬೇಕು. ಕೆಳಗಿನಿಂದ ಇಡೀ ಯಂತ್ರ ನಡುಗುತ್ತಲೇ ಇರುತ್ತದೆ. ಅರ್ಧ ಆಯುಷ್ಯ ಹಾಗೆ ಕೂತಿದ್ದೇನೆ, ಮೊದಲು ಸೇನೆಯಲ್ಲಿ, ಅಲ್ಲಿಂದ ಬಂದ ಮೇಲೆ ಒಂದು ಖಾಸಗಿ ಕಂಪನಿಯಲ್ಲಿ.

ಸ್ಕ್ಯಾನ್ ಮಾಡಿದಾಗ ಬೆನ್ನೆಲುಬಿನ ಎರಡು ಡಿಸ್ಕ್ ಜರುಗಿರುವುದು ಕಂಡಿತು. ಪೈಲಟ್‌ಗಳ ಆರೋಗ್ಯ ಪರೀಕ್ಷಿಸುವ ವೈದ್ಯಕೀಯ ಮಂಡಳಿ ನನ್ನನ್ನು ಸದ್ಯಕ್ಕೆ ಹಾರಲು ಅನರ್ಹಳು ಅಂದಿತು. ಮರುದಿನವೇ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು.

"ಮೇಡಂ, ಆಫೀಸಲ್ಲಿ ಸೇಫ್ಟಿ ನೋಡ್ಕೊಳೋ ಪೋಸ್ಟ್ ಖಾಲಿ ಇದೆ. ಎಸಿ ರೂಮು, ಒಳ್ಳೇ ಕುರ್ಚಿ. ಆರಾಮಾಗಿ ಇರಬಹುದು."

"ನನಗೆ ಕೂರೋದೇ ಕಷ್ಟ ಸಾರ್ ಈಗ," ಅಂದೆ. "ಕುರ್ಚಿ ಬೇರೆಯವರಿಗೆ ಕೊಡಿ. ನಾನು ವಾಪಸ್ ಬರ್ತೀನಿ."

ಅವರು ನಕ್ಕರು. ಕೆಟ್ಟ ನಗೆಯೇನಲ್ಲ, ಮಕ್ಕಳ ಮಾತಿಗೆ ದೊಡ್ಡವರು ನಗುತ್ತಾರಲ್ಲ, ಅಂಥದ್ದು. ಅದಕ್ಕೇ ಹೆಚ್ಚು ಸಿಟ್ಟು ಬಂತು.

ಅನ್ನಪೂರ್ಣೇಶ್ವರಿ ನಗರದಿಂದ ಚಿಕ್ಕಮ್ಮ ಮೂಸಂಬಿ ತಂದು, ಹಾಸಿಗೆಯ ಪಕ್ಕ ಕೂತು, "ಒಳ್ಳೇದೇ ಆಯ್ತು ಬಿಡು, ಇನ್ನಾದ್ರೂ ಮನೇಲಿರ್ತೀಯ," ಅಂದಳು. ಬಂದವರೆಲ್ಲ ಅದನ್ನೇ ಬೇರೆ ಬೇರೆ ಮಾತಲ್ಲಿ ಹೇಳಿದರು. ಯಾವುದೋ ಕೆಟ್ಟ ಚಟ ಬಿಟ್ಟವಳಿಗೆ ಸಮಾಧಾನ ಹೇಳುವ ಹಾಗೆ. ಅವರು ಹೋದ ಮೇಲೆ ಅಮ್ಮನೂ ಬಾಯಿ ಬಿಟ್ಟಳು.

"ಸಾಕು ಬಿಡೇ. ದೇವರೇ ಇಳಿಸ್ತಾ ಇದಾನೆ ಅಂದ್ಕೋ."

"ದೇವರಿಗೆ ಅಷ್ಟು ಪುರುಸೊತ್ತಿಲ್ಲ ಅಮ್ಮ."

"ಟಿವಿಯಲ್ಲಿ ಹೆಲಿಕಾಪ್ಟರ್ ಅಂತ ಸುದ್ದಿ ಬಂದ್ರೆ ಸಾಕು, ನಾನು ಆಫ್ ಮಾಡಿ ಅಡುಗೆಮನೆಗೆ ಹೋಗ್ಬಿಡ್ತೀನಿ. ನೀನು ಸೇರಿದಾಗಿಂದ ಹಿಂಗೇ. ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ನಾನು ಗಡಿಯಲ್ಲಿದ್ದ ವರ್ಷಗಳಲ್ಲೆಲ್ಲ ಅವಳು ಫೋನಿನಲ್ಲಿ ಊಟ ಆಯ್ತಾ, ಸ್ವೆಟರ್ ಹಾಕ್ಕೊಂಡಿದೀಯಾ ಅಂತಷ್ಟೇ ಕೇಳುತ್ತಿದ್ದಳು. ಆದರೂ ಹೇಳಬೇಕಾದ್ದನ್ನು ಹೇಳಿದೆ.

"ನಿಂಗೆ ಭಯ ಆಗತ್ತೆ, ನಿಜ. ಇಲ್ಲ ಅನ್ನಲ್ಲ. ಆದ್ರೆ ನಿನ್ನ ಭಯಕ್ಕೆ ನಾನು ಇಳಿಯಲ್ಲ ಅಮ್ಮ."

ಅಮ್ಮ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಸದ್ದು ಮಾಡಿಯೇ ಇಡುತ್ತಿದ್ದಳು. ಸಂಜೆ ಮಾತ್ರ ಕರ್ಪೂರ ಹಾಕಿ ಬಿಸಿ ಮಾಡಿದ ಎಣ್ಣೆ ತಂದು, ಅಪ್ಪನಿಗೆ ಹಚ್ಚುತ್ತಿದ್ದಂತೆಯೇ ತುಟಿ ಬಿಗಿದುಕೊಂಡು ನನ್ನ ಸೊಂಟಕ್ಕೆ ಹಚ್ಚುತ್ತಿದ್ದಳು.

ಬಾಪೂಜಿ ನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಫಿಸಿಯೋಥೆರಪಿಗೆ ಸೇರಿಕೊಂಡೆ. ನೋಡಿಕೊಳ್ಳುತ್ತಿದ್ದವಳು ಬಾಗಲಕೋಟೆ ಕಡೆಯ ಹುಡುಗಿ, ಓದು ಮುಗಿಸಿ ಇಲ್ಲಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನೋವಿಗೆ ಬಿಗಿದಿದ್ದ ನನ್ನ ಮುಖ ಕಂಡು, "ಮೇಡಂ, ಏನ್ ಕೆಲ್ಸಾ ಮಾಡ್ತೀರಿ?" ಎಂದು ಕೇಳಿದಳು. ಹೇಳಿದೆ. ಅವಳು ನಂಬಲಿಲ್ಲ. ನಾನು ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು, ಅಲ್ಲಿದ್ದ ಪೊರಕೆಯನ್ನು ಮೊಣಕಾಲ ನಡುವೆ ಹಿಡಿದು, ಎಡಗೈಯಲ್ಲಿ ಅವಳ ಛತ್ರಿ ಹಿಡಿದು ಕೂತು ತೋರಿಸಿದೆ. ಕಾಯುತ್ತಿದ್ದ ಇನ್ನಿಬ್ಬರು ರೋಗಿಗಳು ಮೊಬೈಲ್ ಬಿಟ್ಟು ನೋಡಿದರು.

"ಹಿಂಗ ಕುಂತ್ರ ಯಾರ ಸೊಂಟ ಉಳೀತೈತ್ರಿ?" ಅಂದಳು ಹುಡುಗಿ. "ಕೆಲ್ಸಾ ಬದಲಿ ಮಾಡಾಕ ಆಗಂಗಿಲ್ಲೇನ್ರಿ?"

"ಇಲ್ಲ. ಸೊಂಟ ಬದಲಿ ಮಾಡು."

ಅವಳಿಗೆ ಈ ಮಾತು ಹಿಡಿಸಿತು. ಅಂದಿನಿಂದ ಕರುಣೆ ತೋರಿಸಲಿಲ್ಲ. ಹೊಟ್ಟೆಯ ಸ್ನಾಯು ಬಿಗಿ ಹಿಡಿದು ಉಸಿರಾಡುವುದು, ಮಂಡಿಯೂರಿ ಒಂದು ಕೈ ಒಂದು ಕಾಲು ಚಾಚುವುದು, ಕೊನೆಗೆ ಅದೇ ಸ್ಟೂಲು, ಅದೇ ಪೊರಕೆ. ಕಣ್ಣಲ್ಲಿ ನೀರು ಬಂದರೆ, "ಅಳ್ರಿ, ಆದ್ರ ಉಸರು ಹಿಡೀಬ್ಯಾಡ್ರಿ," ಅನ್ನುತ್ತಿದ್ದಳು.

ಮಂಡಳಿಯ ಮುಂದೆ ಮತ್ತೆ ಹೋದಾಗ ಹಿರಿಯ ವೈದ್ಯರು ನನ್ನ ಕಾಲೆತ್ತಿಸಿ ನೋಡಿ, ತಲೆಯಾಡಿಸಿದರು. ಇನ್ನೂ ಅನರ್ಹಳೇ.

"ಇಷ್ಟು ವರ್ಷ ಹಾರಿದೀರಿ. ಯಾಕಮ್ಮ ಇಷ್ಟು ಹಠ?" ಎಂದು ಕೇಳಿದರು.

"ವಯಸ್ಸಾಯ್ತು, ಇಳಿ ಅನ್ನೋದಕ್ಕೆ ನಿಯಮ ಇದೆಯಲ್ಲ ಸಾರ್, ಆ ದಿನ ಬಂದ್ರೆ ನಾನೇ ಇಳೀತೀನಿ. ಇವತ್ತು ಬಂದಿಲ್ಲ."

ಮೆಟ್ರೋದಲ್ಲಿ ವಾಪಸ್ ಬರುವಾಗ ಡೆಲಿವರಿ ಕಂಪನಿಯ ಟೀ ಶರ್ಟ್ ಹಾಕಿದ್ದ ಯುವಕ ಎದ್ದು, "ಆಂಟಿ, ಕೂತ್ಕೊಳಿ," ಅಂದ. ಬೇಡ ಅಂದೆ. ನಿಂತರೇ ನೋವು ಕಡಿಮೆ ಎಂದು ಅವನಿಗೆ ವಿವರಿಸುವ ಮನಸ್ಸಿರಲಿಲ್ಲ. ಕಂಬಿ ಹಿಡಿದು, ಹೊಟ್ಟೆ ಬಿಗಿ ಮಾಡಿ, ವಿಜಯನಗರದವರೆಗೂ ನಿಂತೇ ಬಂದೆ. ಇಳಿದವಳು ಮನೆಗೆ ಹೋಗದೆ ನೇರ ಬಾಪೂಜಿ ನಗರಕ್ಕೆ ಹೋಗಿ, ಹುಡುಗಿಯ ಮುಂದೆ ಚಾಪೆ ಹಾಸಿಕೊಂಡೆ. ಅವಳು ಸ್ಟೂಲು, ಪೊರಕೆ ತಂದು ಪಕ್ಕದಲ್ಲಿಟ್ಟಳು.

ಅದರ ಮುಂದಿನ ಪರೀಕ್ಷೆಯಲ್ಲಿ ಪಾಸಾದೆ, ಆದರೆ ಒಂದು ಷರತ್ತಿನ ಮೇಲೆ. ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇದ್ದರಷ್ಟೇ ಹಾರಬಹುದು. ಕಂಪನಿ ಅದನ್ನು ತನಗೆ ಬೇಕಾದಂತೆ ಬಳಸಿಕೊಂಡಿತು. ಕ್ಯಾಪ್ಟನ್ ಕೂರುವ ಬಲಗಡೆಯ ಸೀಟು ಇಲ್ಲ, ಎಡಗಡೆ ಸಹಾಯಕ ಪೈಲಟ್ ಆಗಿ ಬರುವುದಾದರೆ ಬನ್ನಿ ಅಂದರು ಮ್ಯಾನೇಜರ್. ಬರುವುದಿಲ್ಲ ಎಂದೇ ಅವರು ತಿಳಿದಿದ್ದರು ಅನ್ನಿಸುತ್ತದೆ. ಬರುತ್ತೇನೆ ಅಂದೆ.

ಮೊದಲ ದಿನದ ಕ್ಯಾಪ್ಟನ್, ಸೇನೆಯಲ್ಲಿ ನನ್ನ ಕೈಯಲ್ಲೇ ಹಾರಲು ಕಲಿತವನು. ನನ್ನನ್ನು ಕಂಡು ಅವನ ಕಿವಿ ಕೆಂಪಾಯಿತು.

"ಮೇಡಂ, ನೀವೇ ಬಲಗಡೆ ಕೂತ್ಕೊಳಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗತ್ತೆ," ಅಂದೆ. "ಕ್ಯಾಪ್ಟನ್ ನೀನು. ಹತ್ತು."

ಹಾಸನದ ಕಡೆಯಿಂದ ಒಬ್ಬ ಹೃದ್ರೋಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ತರಬೇಕಿತ್ತು. ಬರುವಾಗ ಮಾಗಡಿಯ ಬೆಟ್ಟಗಳ ಮೇಲೆ ಮೋಡ ಕೆಳಗಿಳಿದು ಕೂತಿತ್ತು. ಅವನು ಹಳೆಯ ಅಭ್ಯಾಸದಂತೆ ನನ್ನ ಮುಖ ನೋಡಿದ. ನನ್ನ ಕೈಗಳು ತಾವಾಗಿಯೇ ಮುಂದೆ ಹೋಗಲು ಹವಣಿಸಿದವು. ತೊಡೆಯ ಮೇಲೆ ಒತ್ತಿ ಇಟ್ಟುಕೊಂಡೆ.

"ನಿರ್ಧಾರ ನಿಮ್ಮದು, ಕ್ಯಾಪ್ಟನ್," ಅಂದೆ. ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

ಅವನು ಬಲಗಡೆಯ ಕಿಟಕಿಯಾಚೆ ನೋಡಿದ. "ದಕ್ಷಿಣಕ್ಕೆ ಸುತ್ತಿ ಹೋಗೋಣ. ರಾಮನಗರದ ಕಡೆ ತಿಳಿಯಾಗಿದೆ."

ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಕೆಂಗೇರಿಯ ಮೇಲಿಂದ ನಗರಕ್ಕೆ ಬಂದೆವು. ರೋಗಿಯನ್ನು ಇಳಿಸಿದ ಮೇಲೆ ಅವನು ಬೆನ್ನು ಹೇಗಿದೆ ಎಂದು ಕೇಳಿದ. ನೋವಿದೆ, ತಡೆಯುವಷ್ಟಿದೆ ಅಂದೆ. ಸುಳ್ಳು ಹೇಳಿ ಗಿಟ್ಟಿಸಿಕೊಳ್ಳುವ ಸೀಟು ನನಗೆ ಬೇಕಿರಲಿಲ್ಲ.

ಮನೆಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎಲ್ಲ ಹೇಳಿದೆ. ಎಡಗಡೆಯ ಸೀಟಿನ ವಿಷಯ ಬಂದಾಗ ಅವಳ ಕೈ ನಿಂತಿತು.

"ಅಂದ್ರೆ ಡ್ರೈವರ್ ಸೀಟ್ ಕೊಡ್ಲಿಲ್ವಾ?"

"ಇಲ್ಲ."

"ಇಷ್ಟು ವರ್ಷ ಓಡಿಸಿದೋಳನ್ನ ಕಂಡಕ್ಟರ್ ಮಾಡಿದ್ರಾ? ಅದೂ ನೀನೇ ಕಲಿಸಿದ ಹುಡುಗನ ಪಕ್ಕ? ಯಾರೇ ಅವನು ಮ್ಯಾನೇಜರು? ಫೋನ್ ಕೊಡು ಇಲ್ಲಿ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಸೊಂಟ ನೋಯುತ್ತಿತ್ತು, ಆದರೂ ಗೋಡೆಗೊರಗಿ ನಕ್ಕೆ. ಅಮ್ಮ ನಗಲಿಲ್ಲ. ಅವಳಿಗೆ ನಿಜಕ್ಕೂ ಅವಮಾನವಾಗಿತ್ತು.

ಈಗಲೂ ಎಡಗಡೆಯೇ ಕೂರುತ್ತೇನೆ. ಪ್ರತಿ ಸಲ ಮಂಡಳಿಯ ಮುಂದೆ ಹೋದಾಗ ಆ ಷರತ್ತು ತೆಗೆಯಿರಿ ಎಂದು ಕೇಳುತ್ತೇನೆ. ಹೋದ ಸಲವೂ ಇಲ್ಲ ಅಂದರು. ವೈದ್ಯರಿಗೆ ನಮಸ್ಕಾರ ಹೇಳಿ, ಮುಂದಿನ ತಾರೀಕು ಕೇಳಿಕೊಂಡು ಬಂದಿದ್ದೇನೆ.