ಗೋಂದಣ್ಣನಿಗೆ ಬಿಡಿಸಲಾಗದ ಅಪಚಾರ

"ಆ ಪುಣ್ಯಾತ್ಮ ಊಟಕ್ಕೆ ಕೂತರೆ ತಟ್ಟೆಗೂ ರಟ್ಟು ಹಾಕಿಬಿಟ್ಟಾನು!" ಗೋಂದಣ್ಣನ ಮಾತು ಬಂದರೆ ಸಾಕು, ಅಕ್ಕಪಕ್ಕದವರು ಹೀಗೆ ಹೇಳಿ ನಗುತ್ತಿದ್ದರು. ಪುಸ್ತಕ ಹೊಲಿದು ರಟ್ಟು ಕಟ್ಟುವುದು ಅವನ ಕಸುಬು. ಬೆರಳ ಸಂದಿಯಲ್ಲಿ ಸದಾ ಒಣಗಿದ ಗೋಂದು, ಅಂಗಿಯ ಕಾಲರಿಗೆ ಚುಚ್ಚಿದ ದಬ್ಬಣ. ಅಪ್ಪ ಅಮ್ಮ ಇಟ್ಟ ಹೆಸರು ಅವನ ಹೆಂಡತಿಗೂ ಮರೆತಂತಿತ್ತು. ಪ್ರಾರ್ಥನಾ ಮಂದಿರದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಅವರ ವಾಸ. ಮಂದಿರದ ಪುಸ್ತಕ ರಿಪೇರಿ ಮಾಡಿಕೊಡುವಷ್ಟು ಕಾಲ ಇರಬಹುದೆಂದು ಅವನ ಅಪ್ಪನಿಗೆ ಕೊಟ್ಟ ಮನೆ ಅದು.

ಮಂದಿರದವರು ವರ್ಷಕ್ಕೊಮ್ಮೆ ಒಂದು ಚೀಲದ ತುಂಬ ಹರಿದ ಪ್ರಾರ್ಥನೆಯ ಹಾಳೆ ಕಳಿಸುತ್ತಿದ್ದರು. ಸುಡುವಂತಿಲ್ಲ, ಕಸಕ್ಕೆ ಎಸೆಯುವಂತಿಲ್ಲ. "ಏನಾದ್ರೂ ಮಾಡಪ್ಪ" ಎಂದು ಕೈತೊಳೆದುಕೊಳ್ಳುತ್ತಿದ್ದರು. ಅಪ್ಪ ಒಂದು ದಾರಿ ಕಲಿಸಿಹೋಗಿದ್ದ. ಹೊಲಿದ ಪುಸ್ತಕದ ಬೆನ್ನು ಬಿಗಿಯಾಗಿರಲೆಂದು ರಟ್ಟಿನ ಒಳಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಾರಲ್ಲ, ಅಲ್ಲಿಗೆ ಈ ಹಾಳೆಯನ್ನೇ ಅಂಟಿಸುವುದು. ಅಲ್ಲಿ ಯಾರ ಕಾಲೂ ತಾಗದು, ಮಳೆಯೂ ತಾಗದು. ಹೀಗೆ ನಲವತ್ತು ವರ್ಷ ನಡೆಯಿತು. ಶಾಲೆಯ ಭೂಗೋಳ, ವಕೀಲರ ಕಾನೂನು, ಹಾಸ್ಯ ನಾಟಕ, ಎಲ್ಲದರ ಬೆನ್ನೊಳಗೂ ದೇವರ ಮಾತು ತಣ್ಣಗೆ ಕೂತಿತ್ತು.

ಒಂದು ದಿನ ದರ್ಜಿಯ ಹೆಂಡತಿಯ ಅಡುಗೆ ಪುಸ್ತಕದ ಬೆನ್ನು ಬಿರಿಯಿತು. ಮಾಂಸ ಬೇಯಿಸುವ ಬಗೆ ಬರೆದ ಪುಟದ ಹಿಂದಿನಿಂದ "ಕಾಪಾಡು ತಂದೆ" ಎಂಬ ಸಾಲು ಇಣುಕಿತು. ಆಕೆ ಹೌಹಾರಿ ಮಂದಿರದ ಹಿರಿಯರ ಬಳಿಗೆ ಓಡಿದಳು. ಹಿರಿಯರು ಗೋಂದಣ್ಣನನ್ನು ಕರೆಸಿದರು.

"ಅಪಚಾರ ಕಣಯ್ಯಾ! ಎಲ್ಲರೆದುರು ನಿಂತು, ನನ್ನಿಂದ ಅಪಚಾರ ಆಯ್ತು ಅಂತ ಒಪ್ಕೋ. ಇಲ್ಲಾಂದ್ರೆ ಮನೆ ಖಾಲಿ ಮಾಡು."

"ಒಪ್ಕೊಳ್ಳೋಕೇನು ಸ್ವಾಮಿ. ಅಪಚಾರ ಅಂದ್ರೇನು ಅಂತ ಸ್ವಲ್ಪ ಬಿಡಿಸಿ ಹೇಳಿ."

"ಪವಿತ್ರವಾದ್ದನ್ನ ಕೀಳಾಗಿ ಕಾಣೋದು."

"ನಾನು ಕೀಳಾಗಿ ಕಾಣ್ಲಿಲ್ವಲ್ಲ. ಜೋಪಾನವಾಗಿ ಎತ್ತಿಟ್ಟೆ."

"ಎಲ್ಲಿ ಎತ್ತಿಟ್ಟೆ? ಮಾಂಸದ ಪಕ್ಕ!"

ಗೋಂದಣ್ಣನಿಗೆ ಅದೂ ನಿಜವೆನ್ನಿಸಿತು. ಮನೆಗೆ ಬಂದು, ಅಪಚಾರ ಅಂದರೇನೆಂದು ಹೆಂಡತಿಯನ್ನು ಕೇಳಿದ.

"ಅದೇನು ಮಹಾ ಮಾತೂಂತ ತಲೆ ಕೆಡಿಸ್ಕೊಂಡಿದ್ದೀರಿ?" ಎಂದಳು ಆಕೆ. "ಬಂದ ನೆಂಟರನ್ನ ಕೂತ್ಕೊಳ್ಳಿ ಅನ್ನದಿದ್ರೂ ಅಪಚಾರ ಅಂತೀವಿ. ಜ್ವರದಲ್ಲಿ ನಾನು ಪಥ್ಯ ಬಿಟ್ಟು ಕದ್ದು ತಿಂದಾಗ ನಮ್ಮಮ್ಮ ಅದಕ್ಕೂ ಅಪಚಾರ ಅಂದಿದ್ಲು. ಹೇಳಿ ಬನ್ರೀ, ನಾಲಿಗೆ ಸವೆಯುತ್ತಾ?"

ಶಾಲೆಯ ಮೇಷ್ಟರ ನಿಘಂಟು ರಿಪೇರಿಗೆ ಬಂದಿತ್ತು. ತೆಗೆದು ನೋಡಿದ. ಪೂಜ್ಯವಾದುದಕ್ಕೆ ತೋರುವ ಅಗೌರವ, ತಪ್ಪು ನಡತೆ, ಪಥ್ಯ ಕೆಡಿಸುವುದು. ಮೂರರಲ್ಲಿ ತನ್ನದು ಯಾವುದು? ಹುಡುಕುತ್ತ ಕೂತವನಿಗೆ ಒಲೆಯ ಮೇಲಿನ ಗೋಂದು ಸೀದ ವಾಸನೆಯೂ ತಿಳಿಯಲಿಲ್ಲ.

ಸಭೆ ಸೇರಿತು. ಗೋಂದಣ್ಣ ಎದ್ದು ನಿಂತು "ನನ್ನಿಂದ..." ಎಂದು ಶುರುಮಾಡಿದವನು ನಡುವೆಯೇ ನಿಲ್ಲಿಸಿದ.

"ಸ್ವಾಮಿ, ಒಂದು ಅನುಮಾನ. ಉಳಿದ ಪುಸ್ತಕಗಳನ್ನ ಏನ್ಮಾಡ್ಲಿ? ಬೆನ್ನು ಬಿಚ್ಚಿ ಹಾಳೆ ಕಿತ್ತುಬಿಡ್ಲಾ?"

"ಕಿತ್ತು ತೆಗಿ ಮೊದಲು!" ಎಂದಿತು ಒಂದು ಗಂಟಲು.

"ಕಿತ್ರೆ ಅಕ್ಷರ ಹರಿಯಲ್ವೇನ್ರೀ? ಅದೂ ಅಪಚಾರವೇ," ಎಂದಿತು ಇನ್ನೊಂದು.

"ಹಂಗಂತ ಬಿಟ್ರೆ ದಿನಾ ಅಪಚಾರ!"

ಮಂದಿರದಲ್ಲಿ ಸಂತೆ ನೆರೆದಂತಾಯಿತು. ಗೋಂದಣ್ಣ ಕೈಮುಗಿದು, "ತಾವೆಲ್ಲ ಸೇರಿ ಯಾವುದು ಅಂತ ತೀರ್ಮಾನಿಸಿ. ಅದಕ್ಕೇ ತಪ್ಪಾಯ್ತು ಅಂತೀನಿ," ಎಂದ. ಅವನು ನಿಜವಾಗಿಯೇ ಕೇಳಿದ್ದ. ಹಿರಿಯರಿಗೆ ಅದು ಗೇಲಿಯಂತೆ ಕೇಳಿಸಿತು. ಮನೆ ಹೋಯಿತು.

ವಾರ ಕಳೆದ ಮೇಲೆ ಕೈಗಾಡಿ ಬಂತು. ಪಾತ್ರೆ, ಹಾಸಿಗೆ, ರಟ್ಟು ಒತ್ತುವ ಕಬ್ಬಿಣದ ಯಂತ್ರ ಏರಿದವು. ಬೀಗದ ಕೈಗೆಂದು ಬಂದ ಹಿರಿಯರಿಗೆ ಕೊನೇ ಗಳಿಗೆಯಲ್ಲಿ ಮನಸ್ಸು ಕರಗಿತು.

"ಈಗ್ಲಾದ್ರೂ ಹೇಳಿಬಿಡೋ. ಸಾಮಾನು ಇಳಿಸ್ಕೊಂಡು ಇಲ್ಲೇ ಇರು."

ಹೆಂಡತಿ ಆಸೆಯಿಂದ ಗಂಡನ ಮುಖ ನೋಡಿದಳು. ಗೋಂದಣ್ಣ ಕೈಮುಗಿದ.

"ಹೇಳ್ತೀನಿ ಸ್ವಾಮಿ. ಆದ್ರೆ ತಿಳೀದೇ ಒಪ್ಕೊಂಡ್ರೆ, ಅದು ದೇವರೆದುರು ಸುಳ್ಳಾಡಿದ ಹಾಗಾಗಲ್ವಾ? ಅದಕ್ಕೇನಂತಾರೆ?"

ಹಿರಿಯರು ಗಡ್ಡ ನೀವಿಕೊಂಡರು. ಗೋಂದಣ್ಣ ಉತ್ತರ ಬರಲೆಂದು ಕಾದ. ಆಮೇಲೆ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು, ಹೊಸ್ತಿಲು ದಾಟಿ, ಗಾಡಿಯ ಹಿಡಿ ಎತ್ತಿದ.