ಉಗಿ ಪೈಪಿನ ಪಕ್ಕದ ಕೇಬಲ್

ಬನವಾಸಿ ರಸ್ತೆಯ ನಮ್ಮ ಅನಾನಸ್ ಕಾರ್ಖಾನೆಗೆ ಹೊಸ ನೆಟ್‌ವರ್ಕ್ ಬರುತ್ತದೆಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ತೊಂಬತ್ತರ ದಶಕದಲ್ಲಿ ಹಾಕಿದ್ದ ಒಂದೇ ಕಪ್ಪು ಕೇಬಲ್ ಗೇಟಿನ ತೂಕದ ಕೋಣೆಯಿಂದ ಆಫೀಸಿನವರೆಗೆ ಎಲ್ಲ ಕಂಪ್ಯೂಟರುಗಳನ್ನೂ ಪೋಣಿಸಿತ್ತು. ಎಲ್ಲೋ ಒಂದು ಜೋಡಣೆ ಸಡಿಲವಾದರೆ ಅಷ್ಟೂ ನಿಲ್ಲುತ್ತಿದ್ದವು. ಉಗ್ರಾಣದ ಗುಮಾಸ್ತೆಯಾದ ನಾನೂ ನಮ್ಮ ಎಲೆಕ್ಟ್ರಿಷಿಯನ್ನರೂ ಇಬ್ಬರೇ ಆಗ ಮೇಜುಗಳ ಅಡಿಗೆ ನುಗ್ಗಿ ಹುಡುಕಬೇಕಿತ್ತು. ಅವರು ಬನವಾಸಿಯವರು, ನನಗಿಂತ ಬಹಳ ಹಿರಿಯರು.

ಹೊಸ ಕೆಲಸಕ್ಕೆ ಬೆಂಗಳೂರಿನಿಂದ ಗುತ್ತಿಗೆದಾರರ ಇಂಜಿನಿಯರ್ ಬಂದ. ಒಂದೇ ದಿನ ಓಡಾಡಿ ನಕ್ಷೆ ಬರೆದ. ಕೇಬಲ್ ಬಾಯ್ಲರ್ ಕೋಣೆಯ ಗೋಡೆಗುಂಟ, ಉಗಿ ಪೈಪಿನ ಪಕ್ಕದಲ್ಲೇ ಹಾದುಹೋಗಬೇಕಿತ್ತು.

"ಅಲ್ಲಿ ಬ್ಯಾಡ್ರಿ ಸಾಹೇಬ್ರ, ಆ ಕಾವಿಗೆ ವೈರ್ ತಡಿಯಂಗಿಲ್ರಿ. ಕ್ಯಾಂಟೀನ್ ಕಡಿಂದ ಸುತ್ತಾಕಿ ತರೂಣ್ರಿ" ಎಂದರು ಎಲೆಕ್ಟ್ರಿಷಿಯನ್.

"ನೀವು ಫ್ಯೂಸ್ ನೋಡ್ಕೊಳ್ಳಿ. ಇದು ಡೇಟಾ ವಿಷ್ಯ."

ನಾನೂ ಬಾಯಿ ಹಾಕಿದೆ. "ನಿಮಗ್ಯಾಕೆ ತಲೆಬಿಸಿ ಮೇಡಂ?" ಎಂದು ನಕ್ಕ. ಆ ನಗು ನೆನಪಾದರೆ ಇಂದಿಗೂ ಮೈ ಉರಿಯುತ್ತದೆ.

ಮರುವರ್ಷ ಹಣ್ಣಿನ ಕಾಲದಲ್ಲಿ ಒಂದು ಬೆಳಿಗ್ಗೆ ತೂಕದ ಕೋಣೆಯ ಕಂಪ್ಯೂಟರ್ ಸತ್ತಿತು. ಕೈಬರಹದ ಚೀಟಿ ಪುಸ್ತಕಗಳನ್ನು ಆಗಲೇ ರದ್ದಿಗೆ ಹಾಕಿದ್ದರು. ಚೀಟಿಯಿಲ್ಲದೆ ಗಾಡಿ ಒಳಗೆ ಬರುವಂತಿಲ್ಲ. ರಸ್ತೆಯುದ್ದಕ್ಕೂ ಲಾರಿ, ಟೆಂಪೊ. ಬಿಸಿಲಿಗೆ ಹಣ್ಣಿನ ರಸ ಸೋರಿ ಜೇನುನೊಣಗಳು ಮುತ್ತಿದವು. ನಾವಿಬ್ಬರೂ ಕೇಬಲ್ಲಿನ ಜಾಡು ಹಿಡಿದು ಹೊರಟೆವು. ಉಗಿ ಪೈಪಿನ ಹತ್ತಿರ ಅದರ ಹೊದಿಕೆ ಸುಟ್ಟ ಹಪ್ಪಳದಂತೆ ಕೈಯಲ್ಲೇ ಪುಡಿಯಾಯಿತು. ಹಾಳಾದ ಭಾಗವನ್ನು ಅವರು ಕತ್ತರಿಸಿ ತೆಗೆದು, ತಾತ್ಕಾಲಿಕವಾಗಿ ಬೇರೆ ಕೇಬಲ್ ಎಳೆದು, ಮಧ್ಯಾಹ್ನದ ಹೊತ್ತಿಗೆ ಗಾಡಿಗಳನ್ನು ಒಳಗೆ ಬಿಡಿಸಿದರು.

ವಾರದೊಳಗೆ ಅವರ ಕೈಗೆ ನೋಟಿಸು ಬಂತು. ಕೇಬಲ್ ಕತ್ತರಿಸಿ ಕೆಲಸ ನಿಲ್ಲಿಸಿದ್ದು ಅವರಂತೆ! ಇಂಜಿನಿಯರನ ವರದಿ ಹಾಗೆಂದಿತ್ತು. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರಿತ್ತು, ಸಹಿ ಮಾತ್ರ ಬಾಕಿ.

ಕತ್ತರಿಸಿದ ತುಂಡನ್ನೂ ಇಂಜಿನಿಯರನ ಸಹಿಯಿದ್ದ ನಕ್ಷೆಯನ್ನೂ ಒಯ್ದು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರು ಸಿದ್ದಾಪುರದ ಕಡೆಯವರು. ಬಾಗಿಲು ಹಾಕಿಕೊಂಡು ನಮ್ಮಿಬ್ಬರ ಮನೆಮಾತಿಗೆ ಇಳಿದರು.

"ನಂಗೂ ಗೊತ್ತಿದ್ದು ತಂಗಿ. ಆದ್ರೆ ವರದಿ ಮೇಲೆ ಹೋಯ್ದು. ಆನು ಎಂತ ಮಾಡವು? ನೀ ಒಂದು ಸೈ ಹಾಕು, ಮುಗತ್ತು."

"ಆನು ಹಾಕ್ತ್ನಿಲ್ಲೆ" ಎಂದು ಎದ್ದು ಬಂದೆ. ನನ್ನದೇ ಹೇಳಿಕೆ ಬರೆದು ಕೊಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. ನೋಟಿಸನ್ನು ಹಿಂದಕ್ಕೂ ಪಡೆಯಲಿಲ್ಲ. ಎಲೆಕ್ಟ್ರಿಷಿಯನ್ನರು ನಿವೃತ್ತರಾಗುವವರೆಗೂ ಅದು ಅವರ ಫೈಲಿನಲ್ಲೇ ಇತ್ತು.

ಆ ವರ್ಷದ ಮಳೆಗಾಲಕ್ಕೆ ಮೊದಲು ಅದೇ ಇಂಜಿನಿಯರ್ ಮತ್ತೆ ಬಂದು ಕೇಬಲ್ಲನ್ನು ಕ್ಯಾಂಟೀನ್ ಕಡೆಯಿಂದ ಹಾಕಿಸಿದ, ತನಗೇ ಹೊಳೆದ ದಾರಿ ಎಂಬಂತೆ. ಏಣಿ ಹತ್ತಿದವರು ನಮ್ಮ ಎಲೆಕ್ಟ್ರಿಷಿಯನ್ನರೇ.

"ನೀವ್ಯಾಕೆ ಹತ್ತಿದ್ರಿ?" ಎಂದು ರೇಗಿದೆ.

"ಮತ್ತ ಯಾರು ಹತ್ತಬೇಕ್ರಿ ಅಕ್ಕಾರ? ಅವ್ರು ಹಾಕಿದ್ರ ಮತ್ತ ಸುಡತೈತಿ" ಎಂದವರು ಮೊಳೆ ಹೊಡೆಯತೊಡಗಿದರು. ಅಂದು ನನಗೆ ಅವರ ಮೇಲೂ ಸಿಟ್ಟು ಬಂದಿತ್ತು.