ಎರಡು ಗಮ್ಛೆ, ಒಂದು ಗಂಟು

ಹೋದ ತಿಂಗಳು ಕೇದಾರ ಘಾಟಿನಲ್ಲಿ ದಾವಣಗೆರೆಯಿಂದ ಬಂದ ದಂಪತಿಗಳಿಗೆ ಗಂಗಾಸ್ನಾನ ಮಾಡಿಸುತ್ತಿದ್ದೆ. ಯಜಮಾನರು ಶಲ್ಯ ಮರೆತು ಬಂದಿದ್ದರು. ಮೆಟ್ಟಿಲ ಪಕ್ಕದ ಅಂಗಡಿಯಲ್ಲಿ ಕೆಂಪು ಗಮ್ಛೆಯೊಂದನ್ನು ಕೊಂಡು ಹೆಗಲಿಗೆ ಹಾಕಿಕೊಂಡರು. ಗಮ್ಛೆ ಎಂದರೆ ತೆಳು ಹತ್ತಿಯ ಉದ್ದನೆಯ ವಸ್ತ್ರ; ಈ ಊರಿನ ಗಂಡಸಿಗೆ ಅದೇ ಟವೆಲ್ಲು, ಅದೇ ರುಮಾಲು, ಮಧ್ಯಾಹ್ನ ಮಲಗಿದರೆ ಅದೇ ದಿಂಬು. ಗಂಡನ ವಸ್ತ್ರದ ತುದಿಯನ್ನೂ ಹೆಂಡತಿಯ ಸೆರಗನ್ನೂ ಸೇರಿಸಿ ಗಂಟು ಹಾಕಿ ಇಬ್ಬರನ್ನೂ ಒಟ್ಟಿಗೆ ಮುಳುಗಿಸುವುದು ನಮ್ಮ ಪದ್ಧತಿ. ಅವರು ಎದ್ದು ಬಂದ ಮೇಲೆ ಗಂಟು ಬಿಚ್ಚಿದೆ. ಬೆರಳೆಲ್ಲ ಕೆಂಪಾಯಿತು. ಕಚ್ಚಾ ಬಣ್ಣ. ಉಪ್ಪು, ಬಿಸಿ ಕಬ್ಬಿಣ, ಒದ್ದೆ ಹತ್ತಿ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು... ಬಾಯಿಗೆ ಬರಬೇಕಾದ ಮಂತ್ರ ಬರಲಿಲ್ಲ. ದಿನಕ್ಕೆ ಹತ್ತು ಸಲ ಹೇಳುವ ಮಂತ್ರ!

ಅದು ಚಾಚಾನ ಮನೆಯ ವಾಸನೆ.

ಊರೆಲ್ಲ ಚಾಚಾ, ಅಂದರೆ ಚಿಕ್ಕಪ್ಪ, ಎಂದು ಕರೆಯುತ್ತಿದ್ದ ಅವನು ಫುಟ್‌ಬಾಲ್ ಮೈದಾನದ ಗೇಟಿನ ಹೊರಗೆ ಗಮ್ಛೆ ಮಾರುತ್ತಿದ್ದ. ಕಂಟೋನ್ಮೆಂಟ್ ಕಡೆಯ ಆ ಮೈದಾನದಲ್ಲಿ ಪ್ರತಿ ಚಳಿಗಾಲವೂ ಮೊಹಲ್ಲಾ ತಂಡಗಳ ಪಂದ್ಯಾವಳಿ ನಡೆಯುತ್ತಿತ್ತು. ಘಾಟಿನ ಕಡೆಯ ತಂಡಕ್ಕೆ ನೀಲಿ, ಕಂಟೋನ್ಮೆಂಟಿನ ತಂಡಕ್ಕೆ ಕೆಂಪು. ಪಂದ್ಯ ನಡೆಸುವ ಕಮಿಟಿಯವರು ಒಳಗೆ ಮೇಜು ಹಾಕಿಕೊಂಡು ಕಮಿಟಿಯ ಮೊಹರು ಒತ್ತಿದ ಜರ್ಸಿ, ಟೋಪಿ ಇಟ್ಟುಕೊಂಡು ಕೂರುತ್ತಿದ್ದರು. ಅವನ್ನು ನಾಯಿಯೂ ಮೂಸುತ್ತಿರಲಿಲ್ಲ. ಜನವೆಲ್ಲ ಹೊರಗೆ ಬೇವಿನ ಮರದ ಕೆಳಗೆ, ಚಾಚಾ ಗಮ್ಛೆ ನೇತುಹಾಕಿದ ಬಿದಿರ ಗಳುವಿನ ಸುತ್ತ. ಅವನು ಮಾರುವುದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ. ಬೇವಿನ ಮರದ ಬುಡವನ್ನು ಅವನಿಗೆ ಕೊಟ್ಟದ್ದು ಅವನ ಮುಷ್ಟಿ.

ಕುಳ್ಳ ಆಳು, ಹೋರಿಯ ಕತ್ತು. ಎಡಕಿವಿಯ ಮೇಲ್ತುದಿ ಇರಲಿಲ್ಲ. ಆ ಜಾಗಕ್ಕಾಗಿ ನಡೆದ ಹೊಡೆದಾಟದಲ್ಲಿ ಟೋಪಿ ಮಾರುವವನೊಬ್ಬ ಕಚ್ಚಿ ಉಗಿದಿದ್ದನಂತೆ. ಆ ಟೋಪಿಯವನನ್ನೂ ನಾನು ನೋಡಿದ್ದೇನೆ. ಅವನ ಮುಂದಿನ ಎರಡು ಹಲ್ಲು ಇರಲಿಲ್ಲ. ವರ್ಷಕ್ಕೊಮ್ಮೆ ಕಮಿಟಿಯವರು ಲಾಠಿ ಹಿಡಿದ ಆಳುಗಳನ್ನು ಕಳಿಸಿ ಚಾಚಾನ ಗಳು ಮುರಿಸುತ್ತಿದ್ದರು. ಅವನು ಮೂಗಿನಿಂದ ರಕ್ತ ಸುರಿಸುತ್ತ ಹೋಗಿ ಹೊಸ ಗಳು ತರುತ್ತಿದ್ದ. ಆಟ ಶುರುವಾಗುವ ಹೊತ್ತಿಗೆ ಅಂಗಡಿ ಮತ್ತೆ ಎದ್ದಿರುತ್ತಿತ್ತು.

ಅವನು ಬೇಕೆಂದೇ ಕಚ್ಚಾ ಬಣ್ಣ ಹಾಕುತ್ತಿದ್ದ. ಪಕ್ಕಾ ಬಣ್ಣ ಹಾಕಿದರೆ ಮುಂದಿನ ವರ್ಷ ಯಾರು ಕೊಳ್ಳುತ್ತಾರೆ? ಆದರೆ ಆ ಬಣ್ಣ ಬೆವರಿಗೆ ಬಿಟ್ಟು ಕತ್ತಿಗೆ ಅಂಟುತ್ತಿತ್ತು. ಪಂದ್ಯ ಮುಗಿದ ಮೇಲೆ ಗಮ್ಛೆ ಬಚ್ಚಿಟ್ಟುಕೊಂಡು ಮನೆಗೆ ಹೋಗುವವರನ್ನು ಸೋತವರು ದಾರಿಯಲ್ಲಿ ತಡೆದು ಕಾಲರ್ ಜಗ್ಗಿ ಕತ್ತು ನೋಡುತ್ತಿದ್ದರು. ಕತ್ತು ನೀಲಿಯಾಗಿದ್ದರೆ ಕೆಂಪಿನವರ ಏಟು, ಕೆಂಪಾಗಿದ್ದರೆ ನೀಲಿಯವರ ಏಟು. ಸೈಕಲ್ ಚೈನು, ಹಾಕಿ ಕೋಲು, ಇಟ್ಟಿಗೆ, ಕೈಗೆ ಸಿಕ್ಕಿದ್ದು. ಒಂದು ಸಲ ಚಹಾ ಅಂಗಡಿಯ ಮುಂದೆ ಒಬ್ಬನ ತಲೆಯಿಂದ ರಕ್ತ ಇಳಿದು ಅವನ ನೀಲಿ ಕತ್ತಿನ ಮೇಲೆ ಹರಿದದ್ದನ್ನು ನೋಡಿದ್ದೇನೆ.

ನಾನಾದರೋ ಶಿವಾಲ ಘಾಟಿನ ಪುರೋಹಿತರ ಮನೆಯವನು. ಆಗ ಇಪ್ಪತ್ತಾರು ವರ್ಷ, ಮದುವೆಯೂ ಆಗಿತ್ತು. ಫುಟ್‌ಬಾಲಿನ ಹುಚ್ಚು ಮಾತ್ರ ಬಿಟ್ಟಿರಲಿಲ್ಲ. "ಪಿಂಡ ಕಟ್ಟೋದು ಬಿಟ್ಟು ಚೆಂಡಿನ ಹಿಂದೆ ಓಡ್ತೀಯಲ್ಲೋ, ಮರ್ಯಾದೆ ಇದೆಯೇನೋ ನಿನಗೆ?" ಎಂದು ಅಪ್ಪ ಬೈಯುತ್ತಿದ್ದರು. ನಾನು ಕ್ಷೌರಕ್ಕೆ ಹೋಗುತ್ತೇನೆ ಎಂದು ಹೇಳಿ ಮೈದಾನಕ್ಕೆ ಓಡುತ್ತಿದ್ದೆ. ಮೊದಲ ದಿನವೇ ಚಾಚಾ ನನ್ನನ್ನು ಹಿಡಿದು ನಿಲ್ಲಿಸಿದ. "ಕಾ ಗುರು, ಏನಿದು, ಈ ಜುಟ್ಟು ಬಿಟ್ಕೊಂಡು ಒಳಗೆ ಹೋದ್ರೆ ಎಳೆಯೋಕೆ ಹಿಡಿ ಕೊಟ್ಟ ಹಾಗೆ!" ಎಂದು ನೀಲಿ ಗಮ್ಛೆಯೊಂದನ್ನು ನನ್ನ ತಲೆಗೆ ಬಿಗಿಯಾಗಿ ಸುತ್ತಿದ. ಅಲ್ಲಿಂದ ಸ್ನೇಹ. ಬಿಡುವಿನ ಭಾನುವಾರಗಳಲ್ಲಿ ಭೇಲೂಪುರದ ಹಿಂದಿನ ಗಲ್ಲಿಯ ಅವನ ಮನೆಗೆ ಹೋಗಿ ಕೂರುತ್ತಿದ್ದೆ. ಅಂಗಳದ ತುಂಬ ಕುದಿಯುವ ಬಣ್ಣದ ಕಡಾಯಿಗಳು. ಅವನ ಹೆಂಡತಿ, ನಮಗೆಲ್ಲ ಚಾಚಿ, ಕೋಲಿನಿಂದ ಬಟ್ಟೆ ತಿರುವುತ್ತಿದ್ದಳು. ಚಾಚಾ ಸುಡುವ ಬಟ್ಟೆಯನ್ನು ಬರಿಗೈಯಲ್ಲೇ ಎತ್ತಿ ಹಿಂಡುತ್ತಿದ್ದ. ಅವನ ಹಿಂಡುವಿಕೆಗೆ ಸಾಟಿ ಇರಲಿಲ್ಲ. ಒಂದೇ ತಿರುವಿಗೆ ಬಟ್ಟೆ ಅರ್ಧ ಒಣಗುತ್ತಿತ್ತು. "ಈ ಕೈ ಇರೋ ತನಕ ಬೇವಿನ ಮರ ನನ್ನದು," ಎನ್ನುತ್ತಿದ್ದ.

ಒಂದು ವರ್ಷ ಫೈನಲ್ಲಿಗೆ ನೀಲಿ, ಕೆಂಪು ಎರಡೂ ಬಂದವು. ಎರಡು ದಿನ ಮೊದಲು ನೀಲಿಯವರು ಬಂದು, ನಮ್ಮ ಬಣ್ಣ ಮಾತ್ರ ಮಾರಬೇಕು, ಇಲ್ಲದಿದ್ದರೆ ನಿನ್ನನ್ನು ಈ ಮರದಡಿ ನಿಲ್ಲಲು ಬಿಡುವುದಿಲ್ಲ ಎಂದರು. ಮಾರನೆಯ ದಿನ ಕೆಂಪಿನವರೂ ಬಂದು ಅದನ್ನೇ ಹೇಳಿದರು. ಒಬ್ಬಿಬ್ಬರಾಗಿದ್ದರೆ ಚಾಚಾ ಹೊಡೆದು ಕಳಿಸುತ್ತಿದ್ದ. ಬಂದವರು ಇಡೀ ಮೊಹಲ್ಲಾ. ಅಂಥ ಮನುಷ್ಯ ಅವತ್ತು ಕಡಾಯಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಗೇಟಿನ ಜಾಗ ಹೋದರೆ ಅವನು ಆ ಮೇಲೆ ಬಟ್ಟೆಗೆ ಬಣ್ಣ ಹಾಕುವ ಊರ ನೂರು ರಂಗಿನವರಲ್ಲಿ ಇನ್ನೊಬ್ಬ, ಅಷ್ಟೆ.

ನನಗೆ ಅಲ್ಲಿ ಸುಮ್ಮನಿರಲು ಆಗಲಿಲ್ಲ. ಪುರೋಹಿತನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಗಂಟಿಗೇ ಹೋಯಿತು. ಒಂದು ನೀಲಿ, ಒಂದು ಕೆಂಪು ತೆಗೆದುಕೊಂಡು ತುದಿಗೆ ತುದಿ ಸೇರಿಸಿ, ಘಾಟಿನಲ್ಲಿ ಹಾಕುವ ಗಂಟನ್ನೇ ಹಾಕಿ ಅವನ ಮುಂದೆ ಹಿಡಿದೆ. "ಜೋಡಿಯಾಗಿ ಮಾರು ಚಾಚಾ. ನೀನು ಒಂದು ಕಡೆಯೋನು ಅಂತ ಯಾರೂ ಅನ್ನೋ ಹಾಗಿಲ್ಲ. ಈ ಗಂಟು ಹಾಕಿಸಿಕೊಂಡವರು ಜಗಳ ಆಡಲ್ಲ," ಎಂದೆ.

"ನಿನ್ನ ಅಪ್ಪ ಅಮ್ಮ ಆಡಲ್ವಾ?" ಎಂದು ಚಾಚಾ ಗಹಗಹಿಸಿ ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಗಂಟನ್ನು ಬೆಳಕಿಗೆ ಹಿಡಿದು ನೋಡಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನಿಗೂ ಅಂಥದೊಂದು ದಾರಿ ಬೇಕಿತ್ತು. ಅವತ್ತೆಲ್ಲ ನಾನು ಗಂಟು ಹಾಕಿದೆ. ಬಲಗೈಯೆಲ್ಲ ಕೆಂಪಾಯಿತು, ಎಡಗೈ ನೀಲಿಯಾಯಿತು. ಚಾಚಿ ಮಾತ್ರ ಒಂದು ಸಲ ಕೋಲು ನಿಲ್ಲಿಸಿ, "ಇದು ಮದುವೆ ಗಂಟಲ್ವಾ ಬಾಬು?" ಎಂದಳು. ಹೌದು, ಶುಭವೇ ಅಲ್ಲವೆ, ಎಂದೆ ನಾನು. ಮೂರ್ಖ.

ಫೈನಲ್ಲಿನ ಮಧ್ಯಾಹ್ನ ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಜನ ಜೋಡಿ ಗಮ್ಛೆಯನ್ನು ನೋಡಿ ನಕ್ಕರು, ಕೆಲವರು ಕೊಂಡರು. ಆಮೇಲೆ ನೀಲಿಯ ಹುಡುಗನೊಬ್ಬ ಅದನ್ನು ಎತ್ತಿ ಹಿಡಿದು ಕೂಗಿದ: "ಕೆಂಪು ಅಂದ್ರೆ ಸೊಸೆ! ನಮ್ಮನೆ ಸೊಸೆ ಬಂದ್ಳು!" ಇಲ್ಲಿ ಮದುವೆಯ ಹೆಣ್ಣಿಗೆ ಕೆಂಪೇ ಉಡಿಸುವುದು. ಈ ಊರಲ್ಲಿ ಆಗಲೇ ಎಷ್ಟೋ ಮದುವೆ ಮಾಡಿಸಿದ್ದ ನನಗೆ ಅದು ಹೊಳೆದಿರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನೀಲಿಯವರೆಲ್ಲ ಸೇರಿ, ಬೀಗರ ಮನೆಯ ಹೆಂಗಸರು ಮದುವೆಯಲ್ಲಿ ಹಾಡುವ ಬೈಗುಳದ ಹಾಡನ್ನು ಶುರು ಮಾಡಿದರು. ಕೆಂಪಿನವರ ಅಕ್ಕತಂಗಿಯರೆಲ್ಲ ಆ ಹಾಡಿನಲ್ಲಿ ಬಂದರು.

ಮೊದಲ ಇಟ್ಟಿಗೆ ಯಾವ ಕಡೆಯಿಂದ ಬಂತೋ ನೋಡಲಿಲ್ಲ. ಒಬ್ಬನ ದವಡೆಗೆ ಬಡಿದ ಸದ್ದು ಕೇಳಿತು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಆಮೇಲೆ ಗೇಟಿನ ಮುಂದೆ ಮನುಷ್ಯರೇ ಕಾಣಲಿಲ್ಲ, ಕೈಗಳು, ಕೋಲುಗಳು, ಧೂಳು. ಒಬ್ಬ ಕೆಳಗೆ ಬಿದ್ದವನ ಕತ್ತಿಗೆ ಜೋಡಿ ಗಮ್ಛೆ ಬಿಗಿದು ಎಳೆಯುತ್ತಿದ್ದ. ನಾನು ಹಾಕಿದ ಗಂಟು ಸಡಿಲಾಗಲೇ ಇಲ್ಲ. ಚಾಚಾ ಅವನನ್ನು ಒದ್ದು ಬಿಡಿಸಿದ. ಅಷ್ಟು ಹೊತ್ತು ಒಬ್ಬರನ್ನೊಬ್ಬರು ಕೊಲ್ಲಲು ನಿಂತಿದ್ದ ನೀಲಿಯೂ ಕೆಂಪೂ ಆಗ ಒಂದಾದವು. ಇದನ್ನು ಮಾಡಿದವನು ಇವನೇ ಎಂದು ಯಾರೋ ಕಿರುಚಿದರು. ಎಲ್ಲರೂ ಬೇವಿನ ಮರಕ್ಕೆ ನುಗ್ಗಿದರು.

ಚಾಚಾ ಮೂರು ಜನರನ್ನು ಕೆಡವಿದ. ನಾಲ್ಕನೆಯವನ ಮೂಗು ಮುರಿದ. ಆಮೇಲೆ ಹಿಂದಿನಿಂದ ಯಾರೋ ಮಂಡಿಗೆ ಹೊಡೆದರು, ಅವನು ಕೂತ. ಕೂತವನನ್ನು ಕಾಲಲ್ಲಿ ತುಳಿದರು. ನಾನು ಮರದ ಹಿಂದೆ ಇದ್ದೆ. ಒಬ್ಬ ನನ್ನ ಎರಡೂ ಕೈ ಹಿಡಿದೆಳೆದು ತಿರುಗಿಸಿ ನೋಡಿದ. ಒಂದು ಕೆಂಪು, ಒಂದು ನೀಲಿ.

"ಇವನೂ ಅವನ ಕಡೆಯೋನೇ!" ಎಂದ.

"ಅಲ್ಲ," ಎಂದೆ. ನನ್ನ ಬಾಯಿಂದಲೇ ಬಂತು. "ನಾನು ಕೊಳ್ಳೋಕೆ ಬಂದೋನು."

ಅವನು ಚಾಚಾನ ಬಿದಿರ ಗಳುವಿನ ಮುರಿದ ತುಂಡೊಂದನ್ನು ನನ್ನ ಕೈಗೆ ತುರುಕಿದ. "ಹಂಗಾದ್ರೆ ಹೊಡಿ."

ನಾನು ಹೊಡೆದೆ. ಯಾರೋ ಕೈ ಹಿಡಿದು ಹೊಡೆಸಿದರು ಎಂದು ಬರೆದುಕೊಳ್ಳಬಹುದಿತ್ತು, ಹಾಗೆ ಆಗಲಿಲ್ಲ. ಮೆಲ್ಲಗೆ ಹೊಡೆದರೆ ಗೊತ್ತಾಗುತ್ತದೆ ಎಂಬ ಹೆದರಿಕೆಗೆ ಇದ್ದ ಬಲವನ್ನೆಲ್ಲ ಹಾಕಿ ಹೊಡೆದೆ. ಚಾಚಾ ತಲೆಯನ್ನು ಕೈಗಳಿಂದ ಮುಚ್ಚಿಕೊಂಡಿದ್ದ. ಏಟು ಬಲಗೈಯ ಬೆರಳುಗಳ ಮೇಲೆ ಬಿತ್ತು. ಬಿದಿರಿನ ಮೂಲಕ ನನ್ನ ಅಂಗೈಗೆ ಏನೋ ಮುರಿದದ್ದು ತಿಳಿಯಿತು... ಜನ ನನ್ನನ್ನು ಬಿಟ್ಟರು. ನಾನು ಓಡಿದೆ. ಕಂಟೋನ್ಮೆಂಟಿನಿಂದ ಶಿವಾಲದವರೆಗೂ ನಿಲ್ಲದೆ ಓಡಿ, ಗಂಗೆಗೆ ಇಳಿದು ಮರಳಿನಿಂದ ಕೈ ಉಜ್ಜಿದೆ. ಅಪ್ಪ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಚಾಚಾ ಬದುಕಿದ. ಬಲಗೈಯ ಮೂರು ಬೆರಳು ಮಡಿಚಲು ಬರುವುದಿಲ್ಲವಂತೆ ಎಂದು ಹಾಲಿನವನು ಹೇಳಿದ. ಬಟ್ಟೆ ಹಿಂಡಲಾರದ ರಂಗಿನವನನ್ನು ಏನೆಂದು ಕರೆಯುವುದು? ಮುಂದಿನ ವರ್ಷ ಬೇವಿನ ಮರದ ಕೆಳಗೆ ಬೇರೆ ಯಾರೋ ನಿಂತಿದ್ದರು, ಯಾರ ಜೊತೆಯೂ ಹೊಡೆದಾಡದೆ. ಪೊಲೀಸರು ಹೊಡೆದವರ ಹೆಸರು ಕೇಳಿದಾಗ ಚಾಚಾ ಹನ್ನೊಂದು ಹೆಸರು ಹೇಳಿದನಂತೆ. ನನ್ನ ಹೆಸರು ಅದರಲ್ಲಿ ಇರಲಿಲ್ಲ. ಅವನು ನೋಡಿಲ್ಲ, ತಲೆ ಮುಚ್ಚಿಕೊಂಡಿದ್ದನಲ್ಲ, ಎಂದು ನನಗೆ ನಾನೇ ಹೇಳಿಕೊಂಡೆ. ಹದಿನಾಲ್ಕು ವರ್ಷ ಹೇಳಿಕೊಂಡೆ. ನಡುವೆ ಒಮ್ಮೆ ತರಕಾರಿ ಮಾರುಕಟ್ಟೆಯಲ್ಲಿ ಅವನ ಹೋರಿಯ ಕತ್ತು ಕಂಡಿತು. ಎಡಗೈಯಲ್ಲಿ ಬದನೆಕಾಯಿ ಆರಿಸುತ್ತಿದ್ದ. ನಾನು ಪಕ್ಕದ ಗಲ್ಲಿಗೆ ತಿರುಗಿಕೊಂಡೆ.

ದಾವಣಗೆರೆಯವರು ಹೊರಟ ಮಧ್ಯಾಹ್ನವೇ ನಾನು ಭೇಲೂಪುರಕ್ಕೆ ನಡೆದೆ. ಕೈ ತೊಳೆದುಕೊಂಡಿರಲಿಲ್ಲ. ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಕಡಾಯಿಗಳಿರಲಿಲ್ಲ, ಚಾಚಿ ಒಬ್ಬಳೇ ಕೂತು ಗೋಧಿ ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು. ಚಾಚಾ ಹೋದ ಮಳೆಗಾಲದಲ್ಲೇ ತೀರಿಕೊಂಡನಂತೆ, ಮೂರು ದಿನದ ಜ್ವರ. ನನಗೆ ಯಾರೂ ಹೇಳಿರಲಿಲ್ಲ. ಹೇಳುವುದಕ್ಕೆ ನಾನು ಅವರಿಗೆ ಯಾರು?

ನಿಂತಲ್ಲೇ ಹೇಳಿಬಿಟ್ಟೆ. ಅವನ ಬೆರಳು ಮುರಿದವನು ನಾನು ಎಂದೆ. ಇನ್ನೂ ಏನೇನೋ ಹೇಳಿದೆ, ಅಳುತ್ತಿದ್ದೆ, ಈಗ ನೆನಪಿಲ್ಲ...

ಚಾಚಿ ಮೊರವನ್ನು ಪಕ್ಕಕ್ಕಿಟ್ಟಳು. "ಗೊತ್ತು ಬಾಬು," ಎಂದಳು. "ಅವ್ರಿಗೂ ಗೊತ್ತಿತ್ತು. ಅವ್ರು ಕಣ್ಣು ಮುಚ್ಚಿರಲಿಲ್ಲ."

ಆಮೇಲೆ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಪಂಡಿತ್ ಬರ್ತಾನೆ, ಬಂದಾಗ ಒಂದು ಸರಿಯಾಗಿ ಬಿಗೀತೀನಿ, ಆಮೇಲೆ ಚಾಯ್ ಕೊಡ್ತೀನಿ, ಅಂತಿದ್ರು. ಮೊದಲ ವರ್ಷ ಪ್ರತಿ ಭಾನುವಾರ ಅಂದ್ರು. ಬಾಗಿಲು ಹಾಕೋಕೆ ಬಿಡ್ಲಿಲ್ಲ. ಆಮೇಲೆ ಹೋಳಿ ಬಂದಾಗ ಮಾತ್ರ ಅಂದ್ರು. ಆಮೇಲೆ ಅನ್ನೋದನ್ನೇ ಬಿಟ್ರು."

ನಾನು ಅವಳ ಮುಂದೆ ಕೂತು, "ನೀವಾದ್ರೂ ಹೊಡೀರಿ ಚಾಚಿ," ಎಂದೆ.

"ನಾನ್ಯಾಕೆ ಹೊಡೀಲಿ? ನೀನು ಮುರಿದಿದ್ದು ನನ್ನ ಕೈ ಅಲ್ಲ," ಎಂದು ಅವಳು ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು. ಚಾಯ್ ಬೇಕೇ ಎಂದು ಕೇಳಲಿಲ್ಲ. ನಾನು ಎದ್ದು ಬಂದೆ.

ಶಿವಾಲದಿಂದ ಭೇಲೂಪುರಕ್ಕೆ ನಡೆದರೆ ಇಪ್ಪತ್ತು ನಿಮಿಷ. ಅವನು ಇದ್ದಾಗ ಅಷ್ಟು ದೂರ ನಡೆದಿದ್ದರೆ ಒಂದೇ ಏಟಿಗೆ ಮುಗಿಯುತ್ತಿತ್ತು.